ಡೆಲ್ಬರ್ಟ್ ಪೂಲನ ಮೌತ್ ಆರ್ಗನ್

ಓನೋದೆರಾ-ಸಾನ್ ಊದಿದರು. ಹಾಡು ಬಂತು, ಶ್ರುತಿ ಮಾತ್ರ ಬೇರೆ.

ಇನ್ನೊಮ್ಮೆ ಊದಿದರು. ಊಹೂಂ. ಜಪಾನಿನ ಕಾವಾಸಾಕಿಯ ಆ ಪುಟ್ಟ ಕಾಫಿ ಅಂಗಡಿಯಲ್ಲಿ ಕೂತಿದ್ದ ಐವರೂ ಮುಖ ಮುಖ ನೋಡಿಕೊಂಡರು. ಅಂಗಡಿಯ ಯಜಮಾನರಾದ ಎಪ್ಪತ್ನಾಲ್ಕರ ಮುದುಕರು ಮೌತ್ ಆರ್ಗನ್ನನ್ನು ಓರೆ ಮಾಡಿ ಅಂಚು ನೋಡಿದರು. ಅಲ್ಲಿ ವಾದ್ಯದ ಶ್ರುತಿ ಸಣ್ಣದಾಗಿ 'ಜಿ' ಎಂದು ಅಚ್ಚಾಗಿತ್ತು.

“ಪೂಲ್ ಅವರದ್ದು 'ಸಿ'. ಇದನ್ನು ಯಾರೋ ಬದಲಾಯಿಸಿದ್ದಾರೆ,” ಎಂದರು.

ಹಂಸಾಗೆ ತಲೆಬುಡ ಅರ್ಥವಾಗಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ. ಡೆಲ್ಬರ್ಟ್ ಪೂಲ್ ಎಂಬುವನು ಅಮೆರಿಕದಲ್ಲಿ ಬ್ಲೂಸ್ ಸಂಗೀತವನ್ನು ಮೌತ್ ಆರ್ಗನ್ನಿನಲ್ಲಿ ನುಡಿಸಿ ಹೆಸರು ಮಾಡಿದವನು. ೧೯೫೩ರಲ್ಲಿ ಸೈನಿಕನಾಗಿ ಯೊಕೊಹಾಮಾದಲ್ಲಿದ್ದ. ಊರಿಗೆ ಮರಳುವಾಗ ತನ್ನ ವಾದ್ಯವನ್ನು ಹುಡುಗ ಓನೋದೆರಾ ಕೈಗೆ ಕೊಟ್ಟು ಹೋದ. ಅವನ ಪ್ರಸಿದ್ಧ ಹಾಡು 'ಡಾಕ್‌ಯಾರ್ಡ್ ಎಂಜಿನ್' ಹುಟ್ಟಿದ್ದು ಬಾಲ್ಯದಲ್ಲಿ ಕೇಳಿದ ರೈಲಿನ ಸಿಳ್ಳೆಯಿಂದ. ಇಷ್ಟನ್ನೂ ಓನೋದೆರಾ-ಸಾನ್ ಬಂದವರಿಗೆಲ್ಲ ಹೇಳುತ್ತಿದ್ದರು. ಇವತ್ತು ಆ ಕಥೆಯನ್ನೂ ವಾದ್ಯವನ್ನೂ ಒಯ್ಯಲು ಅಮೆರಿಕದ ಮ್ಯೂಸಿಯಮ್ಮಿನಿಂದ ಕೀಟಿಂಗ್ ಎಂಬಾತ ಬಂದಿದ್ದ. ನುಡಿಸಿ ತೋರಿಸಿ ಎಂದು ಕೇಳಿದವನೂ ಅವನೇ.

“ಶುಕ್ರವಾರ ನಾನೇ ನುಡಿಸಿದ್ದೆ, ಸರಿಯಾಗಿತ್ತು,” ಎಂದರು ಓನೋದೆರಾ-ಸಾನ್. “ನಿನ್ನೆ ಗಾಜಿನ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇತ್ತು?”

ಅವರ ಹತ್ತಿರ ಮೌತ್ ಆರ್ಗನ್ ಕಲಿಯುತ್ತಿದ್ದ ಹಂಸಾಳ ಗಂಡ ಪ್ರಶಾಂತ ಮೆಲ್ಲಗೆ ಕೈ ಎತ್ತಿದ. “ಗಾಜು ಒರೆಸಿ, ಕೀನ ಅಡುಗೆಮನೆ ಮೊಳೆಗೆ ಹಾಕಿ ಹೋದೆ.”

“ನಾಲ್ಕು ಗಂಟೆಯೊಳಗೆ ಸಿಗದಿದ್ದರೆ ಪೊಲೀಸರಿಗೆ ಹೇಳಬೇಕಾಗುತ್ತದೆ, ಪ್ರಶಾಂತ-ಸಾನ್.”

ಓನೋದೆರಾ ಅವರ ಹೆಂಡತಿ ಫುಮಿಕೋ-ಸಾನ್ ಎದ್ದು ಅಡುಗೆಮನೆಗೆ ಹೋದರು. ಗಂಟೆ ಮೂರಾಗಿತ್ತು. ಪೊಲೀಸ್ ದೂರು ಎಂದರೆ ಪ್ರಶಾಂತನ ಕಂಪನಿ ಬಿಟ್ಟೀತೇ? ವಾರದೊಳಗೆ ಬೆಂಗಳೂರಿಗೆ ಸಾಗಹಾಕುತ್ತದೆ. ಮೊನ್ನೆ ಮಾರ್ಚಿನಲ್ಲಿ ಭೂಕಂಪವಾದಾಗ ಆಫೀಸಿನ ಅರ್ಧ ಜನ ವಿಮಾನ ಹತ್ತಿದ್ದರು. ಪ್ರಶಾಂತ ಹೋಗಲಿಲ್ಲ. ಇದೇ ಅಂಗಡಿಯಲ್ಲಿ ಒಡೆದ ಕಪ್ಪುಗಳನ್ನು ಬಾಚುತ್ತ ಕೂತಿದ್ದ. ಅಂಥವನಿಗೆ ಕಳ್ಳನ ಪಟ್ಟ. ಹಂಸಾಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

*

ಅವಳ ಮೊದಲ ಅನುಮಾನ ಅಲ್ಲೇ ಕೂತಿದ್ದ ಶ್ರೀನಾಥನ ಮೇಲೆ. ವಾಕೋ ಊರಿನ ಸಂಶೋಧನಾಲಯದ ವಿಜ್ಞಾನಿ. ಮನೆ ತುಂಬ ಹಳೆಯ ಮೌತ್ ಆರ್ಗನ್ ಗುಡ್ಡೆ ಹಾಕಿಕೊಂಡಿದ್ದ. ಪೂಲನ ಪೆಟ್ಟಿಗೆ ಮುಂದೆ ನಿಂತರೆ ಕಣ್ಣೇ ಕೀಳುತ್ತಿರಲಿಲ್ಲ. ಪ್ರಶಾಂತನನ್ನೂ ಅವನನ್ನೂ ಬೀದಿಗೆ ಕರೆದುಕೊಂಡು ಬಂದಳು.

“ಶ್ರೀನಾಥ್ ಅವರೇ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ತಗೊಂಡ್ರಾ?”

“ಹೊಟ್ಟೆ ಉರೀತಿತ್ತು, ಅದು ನಿಜ,” ಎಂದ ಶ್ರೀನಾಥ. “ಆದ್ರೆ ಕದಿಯೋನಾಗಿದ್ರೆ ಅಲ್ಲಿ ಇನ್ನೊಂದು 'ಸಿ' ಇಟ್ಟು ಬರ್ತಿದ್ದೆ. ಅದೇ ಕಾಲದ್ದು ನನ್ನ ಹತ್ರ ಮೂರಿದೆ. ಯಾರಿಗೂ ಡೌಟೇ ಬರ್ತಿರ್ಲಿಲ್ಲ.”

“ಅದ್ಯಾಕೆ 'ಸಿ'? ಹಾಡು 'ಜಿ' ಶ್ರುತಿ ಅಂತ ರೆಕಾರ್ಡ್ ಕವರ್ ಮೇಲೇ ಇದೆ. ಗೋಡೆಗೆ ನೇತು ಹಾಕಿದ್ದಾರಲ್ಲ, ನಾನೇ ನೋಡಿದೀನಿ.”

“ಹಾಡು 'ಜಿ' ಆದ್ರೆ ಮೌತ್ ಆರ್ಗನ್ 'ಸಿ'ನೇ ಆಗ್ಬೇಕು,” ಎಂದ ಪ್ರಶಾಂತ.

“ಏನ್ರೀ ಹಾಗಂದ್ರೆ? ಮೈಸೂರಲ್ಲಿ ನಮ್ಮ ಮೇಷ್ಟ್ರು ಯಾವ ಶ್ರುತೀಲಿ ಹಾಡ್ತಿದ್ರೋ ಅದೇ ಶ್ರುತಿ ಪೆಟ್ಟಿಗೆ ಇಟ್ಕೋತಿದ್ರು.”

“ಇದು ಹಾಗಲ್ಲ ಹಂಸಾ. ಬ್ಲೂಸ್‌ನಲ್ಲಿ ಊದೋದಕ್ಕಿಂತ ಉಸಿರು ಎಳ್ಕೊಳ್ಳೋದೇ ಜಾಸ್ತಿ. ಎಳೆದ ಸ್ವರಾನ ಬಗ್ಗಿಸಬಹುದು, ಅದು ಅತ್ತ ಹಾಗೆ ಕೇಳುತ್ತೆ. 'ಸಿ'ನಲ್ಲಿ ಎಳೆದ್ರೆ 'ಜಿ' ಹಾಡು ಸಿಗುತ್ತೆ. ಮೊದಲನೇ ಕ್ಲಾಸಲ್ಲೇ ಹೇಳ್ಕೊಡ್ತಾರೆ.”

ಹಂಸಾಳ ತಲೆ ಗಿರ್ರೆಂದಿತು. ಊದುವ ವಾದ್ಯವನ್ನು ಎಳೆಯುವುದಂತೆ, 'ಜಿ' ಹಾಡಿಗೆ 'ಸಿ'ಯಂತೆ. ಯಾವ ಸೀಮೆ ಸಂಗೀತವೋ. ನಾನೇ ಕದ್ದಿದ್ದರೆ ಕವರ್ ನೋಡಿ ನೆಟ್ಟಗೆ 'ಜಿ' ತಂದಿಡುತ್ತಿದ್ದೆ ಎಂದುಕೊಂಡಳು. ಹಾಗೆಂದುಕೊಂಡವಳು ನಿಂತಲ್ಲೇ ನಿಂತಳು.

ಅಷ್ಟರಲ್ಲಿ ಬೀದಿಯ ತುದಿಯಿಂದ, ಸೋಯಾ ಪನೀರಿನಂಥ ತೋಫು ಮಾರುವವನ ಕೈಗಾಡಿ ಬಂತು. ಅವನ ತುತ್ತೂರಿ ಎರಡೇ ಸ್ವರ ನುಡಿಯಿತು. ಅವನು ಮೊದಲು ಊದಿದ, ಆಮೇಲೆ ಉಸಿರು ಎಳೆದ. ಮೇಷ್ಟ್ರ ಹತ್ತಿರ ಒಂಬತ್ತು ವರ್ಷ ಪಾಠ ಹೇಳಿಸಿಕೊಂಡ ಕಿವಿ ಹಂಸಾಳದು. ಆ ಎರಡು ಸ್ವರ ಅವಳು ಈ ಅಂಗಡಿಯಲ್ಲಿ ನೂರು ಸಲ ಕೇಳಿದ್ದಳು. 'ಡಾಕ್‌ಯಾರ್ಡ್ ಎಂಜಿನ್' ಶುರುವಾಗುವುದೇ ಹಾಗೆ.

“ರೀ, ಫುಮಿಕೋ-ಸಾನ್ ಅವರ ತಂದೆ ಏನು ಮಾಡ್ತಿದ್ರು?”

“ಯೊಕೊಹಾಮಾದಲ್ಲಿ ತೋಫು ಮಾರ್ತಿದ್ರಂತೆ. ಯಾಕೆ?”

*

ಫುಮಿಕೋ-ಸಾನ್ ಅವರಿಗೆ ಎಪ್ಪತ್ತು ವರ್ಷ. ಅಡುಗೆಮನೆಯಲ್ಲಿ ತೊಳೆದ ಕಪ್ಪುಗಳನ್ನೇ ಮತ್ತೆ ತೊಳೆಯುತ್ತಿದ್ದರು.

“ಸುಮಿಮಾಸೆನ್, ಕ್ಷಮಿಸಿ,” ಎಂದಳು ಹಂಸಾ. ತನಗೆ ಬರುವ ಜಪಾನಿ ಭಾಷೆಯಲ್ಲಿ ಒಂದೊಂದೇ ಮಾತು ಜೋಡಿಸಿದಳು. “ಇಲ್ಲಿ ನುಡಿಸುವವರು ಯಾರೂ 'ಜಿ' ಇಡುತ್ತಿರಲಿಲ್ಲ. ಪ್ರಶಾಂತ ಇಡುತ್ತಿರಲಿಲ್ಲ, ಶ್ರೀನಾಥರೂ ಇಡುತ್ತಿರಲಿಲ್ಲ. ಕೀಟಿಂಗ್ ಬಂದದ್ದು ಇವತ್ತು. ಆ ತಪ್ಪು ಮಾಡುವವರು ನುಡಿಸಲು ಬಾರದವರು. ಅಂಥವರು ಈ ಅಂಗಡಿಯಲ್ಲಿ ಇಬ್ಬರೇ, ನಾನು ಮತ್ತು ನೀವು. ಬೀಗದ ಕೈ ನೇತಾಡುತ್ತಿದ್ದದ್ದು ನಿಮ್ಮ ಈ ಮೊಳೆಗೆ. ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಈಗ ತೋಫು ಗಾಡಿ ಹೋಯಿತು.”

ಫುಮಿಕೋ-ಸಾನ್ ನಲ್ಲಿ ನಿಲ್ಲಿಸಿದರು.

“ನಿಮ್ಮವರ ಮೇಲೆ ಬರುತ್ತದೆ ಎಂದು ತಿಳಿದಿರಲಿಲ್ಲ,” ಎಂದರು. “ನುಡಿಸದೆ ಒಯ್ದುಬಿಡುತ್ತಾರೆ ಎಂದುಕೊಂಡಿದ್ದೆ. ಗೋಡೆಯ ಮೇಲಿನ ಕವರ್ ನೋಡಿ, ಹಳೇ ಸಾಮಾನಿನ ಅಂಗಡಿಯಲ್ಲಿ 'ಜಿ' ಕೇಳಿ ತಂದೆ.”

“ಪೊಲೀಸರು ಬಂದಿದ್ದರೆ?”

“ಆಗ ಹೇಳುತ್ತಿದ್ದೆ.” ಕೈ ಒರೆಸಿಕೊಂಡು, “ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ,” ಎಂದರು.

ಅಪ್ಪನ ಫೋಟೋ ಇಟ್ಟಿದ್ದ ಪೂಜೆಯ ಗೂಡಿನಿಂದ ಬಟ್ಟೆಯ ಗಂಟು ತೆಗೆದರು. ಹಂಸಾ ದಾರಿ ಬಿಟ್ಟಳು. ಅವರು ನೇರವಾಗಿ ಹೊರಗೆ ಹೋಗಿ ಗಂಟನ್ನು ಕೀಟಿಂಗನ ಮುಂದೆ ಬಿಚ್ಚಿದರು. ಅದರೊಳಗೆ ಸವೆದ 'ಸಿ' ಇತ್ತು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

“ಬದಲಾಯಿಸಿದವಳು ನಾನು,” ಎಂದರು ಫುಮಿಕೋ-ಸಾನ್. “ಪೂಲ್-ಸಾನ್ ದಿನಾ ಬೆಳಿಗ್ಗೆ ನನ್ನ ಅಪ್ಪನ ಗಾಡಿಯ ಹಿಂದೆ ಬರುತ್ತಿದ್ದರು. ಅಪ್ಪ ತುತ್ತೂರಿ ಊದಿ, ಎಳೆದು ತೋರಿಸುತ್ತಿದ್ದರು. ಅವರು ಅದನ್ನೇ ಇದರಲ್ಲಿ ನುಡಿಸಿ ನಗುತ್ತಿದ್ದರು. ಹೋಗುವ ದಿನ ಇದನ್ನು ಅಪ್ಪನ ಕೈಗೆ ಕೊಟ್ಟರು. ನನಗೆ ಹನ್ನೆರಡು ವರ್ಷ, ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಇದನ್ನು ಮದುವೆಯಲ್ಲಿ ಅಳಿಯನಿಗೆ ಕೊಟ್ಟರು. ಇವರು ಪೂಲ್-ಸಾನ್ ಮುಖವನ್ನೇ ನೋಡಿಲ್ಲ.”

ಶ್ರೀನಾಥ ಅದನ್ನು ತಡವರಿಸುತ್ತ ಇಂಗ್ಲಿಷಿಗೆ ತಿರುಗಿಸಿದ. ಓನೋದೆರಾ-ಸಾನ್ ಮೇಜು ನೋಡುತ್ತ ಕೂತರು.

“ಕಾಫಿ ಕುಡಿಯುವವರ ಮುಂದೆ ಇವರು ಹೇಳುವಷ್ಟು ದಿನ ಸುಮ್ಮನಿದ್ದೆ,” ಎಂದರು ಫುಮಿಕೋ-ಸಾನ್. “ ಮ್ಯೂಸಿಯಮ್ಮಿನಲ್ಲಿ ಬರೆದಿಟ್ಟರೆ ನನ್ನ ಅಪ್ಪ ಇರಲೇ ಇಲ್ಲ ಎಂದಾಗುತ್ತದೆ. ವಾದ್ಯವಾದರೂ ಹೋಗದೆ ಇರಲಿ, ಅಷ್ಟೇ ಸಾಕು ಎಂದುಕೊಂಡೆ.”

ಹಂಸಾಗೆ ಗಂಡ ಉಳಿದನೆಂಬ ನಿರಾಳವಿತ್ತು. ಆದರೆ ಕದ್ದವರ ಮೇಲೆ ಸಿಟ್ಟೇ ಬರಲಿಲ್ಲ. ಕಳ್ಳತನ ಯಾರದು, ಹೆಂಡತಿಯದೋ ಗಂಡನದೋ? ಅವಳ ತಲೆ ಮತ್ತೆ ಗೊಂದಲಕ್ಕೆ ಬಿತ್ತು.

ಕೀಟಿಂಗ್ ತನ್ನ ಕಾಗದದಲ್ಲಿ ಒಂದು ಸಾಲು ಹೊಡೆದು ಹಾಕಿ, ತಂದೆಯ ಹೆಸರು ಕೇಳಿದ.

“ಇಸೋಗಾಯಾ ಕಿಯೋಜಿ,” ಎಂದರು ಫುಮಿಕೋ-ಸಾನ್. ಕಾಗದದ ಮೇಲೆ ಬಗ್ಗಿ, ಅವನು ಒಂದೊಂದು ಅಕ್ಷರ ಬರೆಯುವುದನ್ನೂ ನೋಡಿದರು.

ಓನೋದೆರಾ-ಸಾನ್ ಎದ್ದು ಬಂದು ಪ್ರಶಾಂತನ ಮುಂದೆ ಸೊಂಟದವರೆಗೆ ಬಾಗಿದರು. ಪ್ರಶಾಂತ ಗಡಿಬಿಡಿಯಲ್ಲಿ ತಾನೂ ಬಾಗಿದ. ಆಮೇಲೆ ಮುದುಕರು ಹೆಂಡತಿಯ ಕಡೆ ತಿರುಗಿ, ಅದಕ್ಕಿಂತ ಕೆಳಗೆ ಬಾಗಿ, ಹಾಗೆಯೇ ನಿಂತರು.

ಫುಮಿಕೋ-ಸಾನ್ ಬಾಗಲಿಲ್ಲ. ಅವರು ಕೀಟಿಂಗನ ಕಾಗದವನ್ನೇ ನೋಡುತ್ತಿದ್ದರು.

“ಬರೆದದ್ದನ್ನು ಇನ್ನೊಮ್ಮೆ ಓದಿ,” ಎಂದರು. “ಗಟ್ಟಿಯಾಗಿ.”