ಪ್ಯಾನಲ್ ಬಾಗಿಲಿನ ಟವೆಲು

"ಟವೆಲು ಅಲ್ಲೇ ಇತ್ತಲ್ಲ, ಹಾಗಾದ್ರೆ ಒತ್ತಿದ್ದು ಯಾರು?"

ಠಾಣೆಯ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಇದನ್ನು ಯಾರನ್ನೂ ಕೇಳಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತ ಕೇಳಿದಳು. ಪಕ್ಕದಲ್ಲಿದ್ದ ತಮ್ಮ ಅವಳ ಮೊಣಕೈ ಹಿಡಿದು, "ಅಕ್ಕಾ, ಸುಮ್ನಿರು," ಎಂದ.

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಇನ್‌ಸ್ಪೆಕ್ಟರ್ ಅವಳ ದೂರನ್ನು ತಾನೇ ಬರೆದುಕೊಂಡ. ಅವಳ ಗಂಡ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುವ ಯಂತ್ರದ ಮೇಸ್ತ್ರಿ. ಶನಿವಾರ ಹಗಲು ಯಂತ್ರದ ಅಲಗಿಗೆ ಕಲ್ಲು ಸಿಕ್ಕಿ ಮೋಟಾರ್ ನಿಂತಿತು. ಕಲ್ಲು ತೆಗೆಯಲು ಅವನು ತೊಟ್ಟಿಗೆ ಇಳಿದ. ಅವನು ಒಳಗಿರುವಾಗಲೇ ಯಂತ್ರ ತಿರುಗಿತು.

"ಟವೆಲು ಅಂದ್ರಲ್ಲ ಅಮ್ಮಾ, ಏನದು?"

"ಅವರ ಪದ್ಧತಿ ಸಾರ್. ಒಳಗಿಳಿಯೋರು ತಮ್ಮ ಟವೆಲನ್ನ ಯಂತ್ರದ ಕರೆಂಟ್ ಪ್ಯಾನಲ್ ಬಾಗಿಲಿನ ಹಿಡಿಗೆ ಕಟ್ಟಿ ಇಳೀತಾರೆ. ಅದನ್ನ ಬಿಚ್ಚೋವರೆಗೂ ಯಾರೂ ಆ ಪ್ಯಾನಲ್ ಕೋಣೆಗೆ ಕಾಲಿಡಲ್ಲ. ಇವರು ಹೋದ ಮೇಲೂ ಟವೆಲು ಅಲ್ಲೇ ನೇತಾಡ್ತಿತ್ತು. ಇವನೇ ನೋಡಿದಾನೆ."

ತಮ್ಮ ತಲೆಯಾಡಿಸಿದ. ಕಾರ್ಖಾನೆಯ ಪ್ಯಾನಲ್ ನೋಡಿಕೊಳ್ಳುವವನು ಅವನೇ. ಕೆಲಸ ಕೊಡಿಸಿದ್ದು ತೀರಿಕೊಂಡ ಭಾವ. ತಮ್ಮನ ಎಡಹುಬ್ಬಿನಲ್ಲಿ ಅರ್ಧ ಕೂದಲಿರಲಿಲ್ಲ.

"ಒಳಗೆ ಯಾರೂ ಹೋಗಿಲ್ಲ ಸಾರ್," ಎಂದ. "ನಾನು ಹೊರಗೆ ಕೋಣೆ ಬಾಗಿಲ ಹತ್ರಾನೇ ನಿಂತಿದ್ದೆ. ಮಣ್ಣು ಹೊರೋರೆಲ್ಲ ನನ್ನ ನೋಡಿದಾರೆ. ಅದು... ತಾನೇ ತಿರುಗ್ತು."

"ತಾನೇ?"

"ದೆವ್ವ ಅಂತಿದಾರೆ ಎಲ್ರೂ."

"ಇವನು ಚಿಕ್ಕಂದಿನಿಂದ ಹೀಗೇ," ಎಂದಳು ಅಕ್ಕ, ತಮ್ಮನ ಪರವಾಗಿ ಕ್ಷಮೆ ಕೇಳುವವಳಂತೆ. "ಹಿತ್ತಲ ಕೋಣೆಗೆ ಹೋಗಬೇಕಾದ್ರೂ ನಾನು ಬಾಗಿಲ ಹೊರಗೆ ನಿಂತು ಶಾಲೆ ಪದ್ಯ ಹೇಳ್ತಿರಬೇಕಿತ್ತು. ನನ್ನ ದನಿ ನಿಂತ್ರೆ ಕಿರುಚಿಬಿಡ್ತಿದ್ದ. ಅದಕ್ಕೇ ಅವನ ಭಾವ ಮೊಲ ಅಂತ ಕರೀತಿದ್ರು."

ಮೊಲ ನೆಲ ನೋಡಿದ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ ಕಾರ್ಖಾನೆಗೆ ಹೋದಾಗ ಅಲ್ಲಿ ಸದ್ದೇ ಇರಲಿಲ್ಲ. ಹೆಂಚು ಸುಡುವ ಗೂಡು ಆರಿತ್ತು. ಕೆಲಸದವರು ಅಂಗಳದ ಆಚೆ ತುದಿಯಲ್ಲಿ ಒತ್ತೊತ್ತಾಗಿ ನಿಂತಿದ್ದರು, ಯಾರೂ ಇತ್ತ ಹೆಜ್ಜೆ ಇಡಲಿಲ್ಲ. ಮಾಲೀಕ ಮಾತ್ರ ಓಡಿ ಬಂದ.

"ಸಾರ್, ಶನಿವಾರ ನಿಮ್ಮೋರು ಹಾಕಿದ ಬೀಗ ಇವತ್ತೇ ತೆಗೆಸಿಕೊಡಿ. ಕಲಸಿದ ಮಣ್ಣು ಒಣಗಿ ಹೋಗುತ್ತೆ."

"ನಾಳೆ ಇನ್ನೊಬ್ಬ ಇಳಿದಾಗ ಮತ್ತೆ ತಿರುಗಿದ್ರೆ?"

ಮಾಲೀಕ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಯಂತ್ರವೆಂದರೆ ಮನುಷ್ಯ ಕಾಲು ಚಾಚಿ ಮಲಗಬಹುದಾದ ಕಬ್ಬಿಣದ ತೊಟ್ಟಿ, ಅದರ ಉದ್ದಕ್ಕೂ ಅಲಗು ಕೂರಿಸಿದ ಎರಡು ದಂಡಗಳು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ. ಅಲಗುಗಳ ನಡುವೆ ಮಣ್ಣು ಬಿರುಕು ಬಿಟ್ಟಿತ್ತು. ಒಂದು ಕಡೆ ಅದರ ಬಣ್ಣ ಬೇರೆಯಿತ್ತು. ಅಂಚಿನ ಮೇಲಿಟ್ಟಿದ್ದ ತನ್ನ ಕೈಯನ್ನು ಅವನು ತನಗೇ ತಿಳಿಯದಂತೆ ಹಿಂದಕ್ಕೆ ಎಳೆದುಕೊಂಡ.

"ಕರೆಂಟ್ ಇಲ್ಲ ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ.

"ಗೊತ್ತು ಕಣಯ್ಯ. ನೀನ್ಯಾಕೆ ಅಷ್ಟು ದೂರ ನಿಂತಿದೀಯ?"

"ಇಲ್ಲಿಂದಲೂ ಚೆನ್ನಾಗೇ ಕಾಣುತ್ತೆ ಸಾರ್."

ವಿದ್ಯುತ್ ಪರಿವೀಕ್ಷಕಿ ಬಂದ ಮೇಲೆ, ಪಂಚರ ಎದುರು ಪ್ಯಾನಲ್ ಬಾಗಿಲು ತೆರೆಯಲಾಯಿತು. ಹಿಡಿಗೆ ಕಟ್ಟಿದ್ದ ಟವೆಲನ್ನು ಬಿಚ್ಚಿ ಚೀಲಕ್ಕೆ ಹಾಕಿ ಮೊಹರು ಮಾಡಿದರು. ಯಂತ್ರವನ್ನು ಶುರು ಮಾಡುವ ತಿರುಗು ಸ್ವಿಚ್ಚು ಬಾಗಿಲಿನ ಹೊರಮೈಯಲ್ಲೇ ಇತ್ತು. ಒಳಗೆ ಎಲ್ಲದರ ಮೇಲೂ ಹೆಂಚಿನ ಕೆಂಪು ಧೂಳು ಮೆತ್ತಿಕೊಂಡಿತ್ತು.

"ಕಲ್ಲು ಸಿಕ್ಕಾಗ ಬೀಳೋದು ಈ ದೊಡ್ಡ ಬ್ರೇಕರಾ?" ಇನ್‌ಸ್ಪೆಕ್ಟರ್ ಕೇಳಿದ.

"ಅಲ್ಲ. ಬ್ರೇಕರ್ ಇರೋದು ವೈರ್ ಕಾಯೋಕೆ. ಶಾರ್ಟ್ ಆದ್ರೆ ಥಟ್ಟನೆ ಬಿದ್ದು ಕರೆಂಟ್ ಕಡಿಯುತ್ತೆ. ಮೋಟಾರ್ ಶುರುವಾಗುವಾಗ ಒಂದು ಸಲ ಜೋರಾಗಿ ಕರೆಂಟ್ ಎಳೆಯುತ್ತಲ್ಲ, ಅದಕ್ಕೆಲ್ಲ ಬೀಳದಂಥ ಬ್ರೇಕರನ್ನೇ ಆರಿಸಬೇಕು. ಮೋಟಾರಿಗೆ ಹೊರೆ ಜಾಸ್ತಿಯಾದ್ರೆ ನೋಡ್ಕೊಳ್ಳೋದು ಕೆಳಗಿರೋ ಈ ಓವರ್‌ಲೋಡ್ ರಿಲೇ. ಒಳಗಿನ ಪಟ್ಟಿ ಬಿಸಿಯಾಗಿ ಬಾಗುತ್ತೆ, ಮೋಟಾರ್ ನಿಲ್ಲುತ್ತೆ."

"ಇವನ್ನ ಆರಿಸಿದೋರು ತಪ್ಪು ಮಾಡಿದಾರಾ?"

"ಇಲ್ಲ. ಮೋಟಾರಿನ ತಗಡಿನ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆಯೋ ರಿಲೇನೂ ಅಷ್ಟಕ್ಕೇ ಇಟ್ಟಿದಾರೆ. ಒಳ್ಳೇ ಕೆಲಸ." ಅವರು ಬೆರಳು ತೋರಿಸಿದರು. "ಈ ಪುಟ್ಟ ತಿರುಪು ನೋಡಿ. ಹೀಗಿದ್ರೆ, ರಿಲೇ ಬಿದ್ದ ಮೇಲೆ ಯಾರಾದ್ರೂ ಬಾಗಿಲು ತೆಗೆದು ಕೈಯಾರೆ ಒತ್ತೋವರೆಗೂ ಯಂತ್ರ ಏಳಲ್ಲ. ಆ ಕಡೆ ತಿರುಗಿಸಿದ್ರೆ, ಪಟ್ಟಿ ತಣ್ಣಗಾದ ಕೂಡಲೇ ರಿಲೇ ತಾನೇ ಸರಿಹೋಗುತ್ತೆ. ಹೊರಗಿನ ಸ್ವಿಚ್ ಆಫ್ ಮಾಡದೆ ಬಿಟ್ಟಿದ್ರೆ ಮೋಟಾರ್ ಹೊರಟೇಬಿಡುತ್ತೆ. ಮನುಷ್ಯರು ಇಳಿಯೋ ಯಂತ್ರಕ್ಕೆ ಬುದ್ಧಿ ಇರೋರು ಯಾರೂ ಅದನ್ನ ಇಡಲ್ಲ."

"ಈಗ ಯಾವ ಕಡೆ ಇದೆ?"

"ಕೈಯಾರೆ ಒತ್ತೋ ಕಡೆ."

"ಹಾಗಾದ್ರೆ ಯಾರೋ ಒತ್ತಿರಲೇಬೇಕು."

ಪರಿವೀಕ್ಷಕಿ ಟಾರ್ಚನ್ನು ಹತ್ತಿರ ಹಿಡಿದರು. ತಿರುಪು ಅಲುಗಬಾರದೆಂದು, ಕೂರಿಸಿದವರು ಅದರ ಮೇಲೊಂದು ಹಸಿರು ಬಣ್ಣದ ಬೊಟ್ಟು ಇಟ್ಟಿದ್ದರು. ಆ ಬೊಟ್ಟು ನಡುವೆ ಸೀಳಿತ್ತು, ಒಂದು ಚೂರು ಉದುರಿತ್ತು. ಸುತ್ತ ಎಲ್ಲೆಲ್ಲೂ ಇದ್ದ ಧೂಳು ತಿರುಪಿನ ತಲೆಯ ಗೀರಿನಲ್ಲಿ ಮಾತ್ರ ಇರಲಿಲ್ಲ.

"ಅಥವಾ," ಎಂದರು ಅವರು, "ಯಾರೋ ಹಿಂದಕ್ಕೆ ತಿರುಗಿಸಿದಾರೆ."

ಇನ್‌ಸ್ಪೆಕ್ಟರ್ ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಕೆಲಸದವರನ್ನೆಲ್ಲ ಅಂಗಳಕ್ಕೆ ಕರೆಸಿ, ಯಂತ್ರ ನಿಲ್ಲುವುದನ್ನು ಒಮ್ಮೆ ನೋಡಬೇಕಾಗಿದೆ ಎಂದಷ್ಟೇ ತಿಳಿಸಿದ. ಪರಿವೀಕ್ಷಕಿ ಒಬ್ಬರೇ ಕೋಣೆಗೆ ಹೋಗಿ ಬಂದರು. ಯಂತ್ರ ಶುರುವಾಯಿತು. ಅದು ಓದಿ ಹೇಳುವ ಪದ್ಯದಂತೆ ಒಂದೇ ಲಯದಲ್ಲಿ ಉರುಳುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ದೂರದಿಂದಲೇ ಒಂದು ಮರದ ದಿಮ್ಮಿಯನ್ನು ತೊಟ್ಟಿಗೆ ಉರುಳಿಸಿದ. ಅಲಗುಗಳು ಅದನ್ನು ಕಚ್ಚಿ ಹಿಡಿದವು, ಮೋಟಾರ್ ನರಳಿತು, ಲಯ ಕೆಟ್ಟಿತು, ಎಲ್ಲ ನಿಂತಿತು.

ಇನ್‌ಸ್ಪೆಕ್ಟರ್ ಒಂದು ಟವೆಲು ತೆಗೆದು ಪ್ಯಾನಲ್ ಹಿಡಿಗೆ ಕಟ್ಟಿದ. ಬಳಿಕ ಹೆಡ್ ಕಾನ್‌ಸ್ಟೆಬಲ್ ಇನ್ನೊಬ್ಬ ಪೇದೆಯೊಡನೆ ಕೊಕ್ಕೆ ಹಾಕಿ ದಿಮ್ಮಿಯನ್ನು ಜಗ್ಗಿ ತೆಗೆದ.

ಕಾದರು. ನಿಂತ ಯಂತ್ರವನ್ನು ಕಂಡು ಜನರ ಮೈ ಸಡಿಲವಾಯಿತು. ಯಾರೋ ಕೆಮ್ಮಿದರು. "ಇಷ್ಟಕ್ಕೇ ನಮ್ಮ ಕರೆಸಿದ್ರಾ?" ಎಂದು ಇನ್ನೊಬ್ಬ ಗೊಣಗಿದ, ಪಕ್ಕದವನು ನಕ್ಕ. ಇನ್‌ಸ್ಪೆಕ್ಟರ್ ತೊಟ್ಟಿಯತ್ತ ನೋಡಲೇ ಇಲ್ಲ, ಜನರನ್ನೇ ನೋಡುತ್ತಿದ್ದ. ಆ ಗುಂಪಿನಲ್ಲಿ ಒಬ್ಬ ಮಾತ್ರ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಗೋಡೆಗೆ ಬೆನ್ನು ತಾಗಿದ ಮೇಲೆ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡ.

ಆಮೇಲೆ ಯಂತ್ರ ತಾನೇ ತಿರುಗಿತು.

ಕಿರುಚಾಟವೆದ್ದಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಹೆಡ್ ಕಾನ್‌ಸ್ಟೆಬಲ್ ಕೈಯ ಕೊಕ್ಕೆ ಬಿಸಾಡಿ ಕವಾಯತಿನಲ್ಲಿದ್ದಂತೆ ನೆಟ್ಟಗೆ ನಿಂತುಬಿಟ್ಟ. ಟವೆಲು ಹಿಡಿಯಲ್ಲೇ ಅಲುಗಾಡುತ್ತಿತ್ತು. ಒಬ್ಬರೇ ಒಳಗೆ ಹೋಗಿದ್ದ ಪರಿವೀಕ್ಷಕಿ ತಿರುಪನ್ನು ಆ ಕಡೆ ತಿರುಗಿಸಿಟ್ಟಿದ್ದರು. ಮೊಲ ಕಿವಿ ಮುಚ್ಚಿಕೊಂಡೇ ಕುಸಿದು ಕೂತ.

ಇನ್‌ಸ್ಪೆಕ್ಟರ್ ಅವನೆದುರು ಕುಕ್ಕರಗಾಲಿನಲ್ಲಿ ಕೂತ.

"ಎಲ್ರೂ ಅದು ಸತ್ತಿದೆ ಅಂದ್ಕೊಂಡ್ರು. ನೀನು ಯಾಕೆ ಕಿವಿ ಮುಚ್ಚಿದೆ?"

ಮೊಲನ ಒಂದು ಕೈ ಕಿವಿಯಿಂದ ಇಳಿದು ಅಂಗಿಯ ಜೇಬನ್ನು ಮುಚ್ಚಿಕೊಂಡಿತು.

"ಜೇಬಿನಲ್ಲಿ ಏನಿದೆ?"

ತಿರುಪು ತಿರುಗಿಸಲೂ ಆಗುವ ಟೆಸ್ಟರ್ ಇತ್ತು. ಅದರ ತುದಿಯ ಮೂಲೆಯಲ್ಲಿ ಹಸಿರು ಬಣ್ಣದ ಕಲೆ.

"ಹೇಳು."

"ಹೋದ ವರ್ಷ ರಿಲೇ ಒತ್ತೋಕೆ ಬಾಗಿಲು ತೆಗೆದಾಗ ಒಳಗೆ ಬೆಂಕಿ ಹಾರ್ತು ಸಾರ್." ಅವನು ಎಡಹುಬ್ಬು ಮುಟ್ಟಿಕೊಂಡ. "ಅದಾದ ಮೇಲೆ ಆ ಬಾಗಿಲು ಕಂಡ್ರೆ ಕೈ ಮರಗಟ್ಟುತ್ತೆ. ದಿನಾ ಕಲ್ಲು ಸಿಗುತ್ತೆ, ದಿನಾ ತೆಗೀಬೇಕು. ಒಂದ್ಸಲ ಧೈರ್ಯ ಮಾಡಿ ತಿರುಪನ್ನ ಆ ಕಡೆ ತಿರುಗಿಸಿಟ್ಟೆ. ಆಮೇಲೆ ಬಾಗಿಲು ತೆಗೆಯೋ ಕೆಲಸವೇ ಇಲ್ಲ. ಯಂತ್ರ ನಿಂತ ತಕ್ಷಣ ಓಡಿಹೋಗಿ ಹೊರಗಿನ ಸ್ವಿಚ್ ಆರಿಸ್ತಿದ್ದೆ, ಟವೆಲು ಬಿಚ್ಚಿದ ಮೇಲೆ ಹಾಕ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ."

"ಶನಿವಾರ?"

"ಪ್ಯಾನಲ್ ಒಳಗಿಂದ ಜೇನು ಎದ್ದ ಹಾಗೆ ಸದ್ದು ಬರ್ತಿತ್ತು. ಕೋಣೆ ಬಾಗಿಲಲ್ಲೇ ನಿಂತುಬಿಟ್ಟೆ. ಭಾವ ಬಂದು ಟವೆಲು ಕಟ್ಟಿದ್ರು. 'ಏನೋ ಮೊಲ, ಪ್ಯಾನಲ್ ಕಚ್ಚುತ್ತಾ?' ಅಂತ ನಕ್ಕು ಹೋದ್ರು. ರಿಲೇ ಬಿದ್ದಿದೆ, ಒತ್ತೋವರೆಗೂ ಏಳಲ್ಲ ಅಂತ ಅವರ ನಂಬಿಕೆ. ಈಗ ಹೋಗ್ತೀನಿ, ಈಗ ಆರಿಸ್ತೀನಿ ಅಂದ್ಕೊಳ್ತಾನೇ ಇದ್ದೆ."

"ಒಂದು ಕೂಗು ಹಾಕಬಹುದಿತ್ತಲ್ಲ?"

"ಕೂಗಿದ್ರೆ ತಿರುಪಿನ ವಿಷಯ ಹೇಳಬೇಕಾಗ್ತಿತ್ತು. ಅವರು ಎಲ್ಲರೆದುರು ನಗ್ತಿದ್ರು."

"ಹಿಂದಕ್ಕೆ ತಿರುಗಿಸಿದ್ದು?"

"ಅವರನ್ನ ಎತ್ತಿಕೊಂಡು ಹೋಗುವಾಗ. ಅವತ್ತು ಬಾಗಿಲು ತೆಗೆಯೋಕೆ ಹೆದರಿಕೆಯೇ ಆಗಲಿಲ್ಲ ಸಾರ್."

ಮಂಗಳವಾರ ಸಂಜೆ ಅವನನ್ನು ಬಂಧಿಸಲಾಯಿತು: ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ದ್ವೇಷವಿರಲಿಲ್ಲ, ದುರಾಸೆಯಿರಲಿಲ್ಲ, ಒಂದು ಬಾಗಿಲು ತೆರೆಯುವ ಭಯ, ಅದಕ್ಕಿಂತ ದೊಡ್ಡದಾಗಿ ಆ ಭಯ ಹೊರಬೀಳುವ ಭಯ. ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಗೆ ತಿಳಿಸಬೇಕೆಂಬುದು ನಿಯಮ. ಅವನಿಗಿದ್ದ ಹತ್ತಿರದ ಸಂಬಂಧಿ ದೂರುದಾರಳೇ.

ಅವಳು ಬಂದಳು. ಇನ್‌ಸ್ಪೆಕ್ಟರ್ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ. "ಎರಡು ದಿನ ನನ್ನ ಪಕ್ಕದಲ್ಲೇ ಕೂತು ದೆವ್ವ ಅಂದ," ಎಂದಳು. ಎದ್ದು ಲಾಕಪ್ಪಿನ ಕಂಬಿಯವರೆಗೆ ಹೋದಳು.

ಒಳಗೆ ದೀಪ ಕೆಟ್ಟಿತ್ತು. ಮೊಲ ಕಂಬಿ ಹಿಡಿದು ನಿಂತಿದ್ದ.

"ಅಕ್ಕಾ, ಒಳಗೆ ತುಂಬ ಕತ್ತಲೆ," ಎಂದ. "ಆ ಪದ್ಯ ಹೇಳ್ತೀಯಾ? ಇಲ್ಲೇ ಹೊರಗೆ ನಿಂತು, ಒಂದೇ ಸಲ."

ಅವಳು ಅವನ ಅರ್ಧ ಹುಬ್ಬನ್ನು ನೋಡಿದಳು. ಕೈ ಕಂಬಿಯವರೆಗೂ ಹೋಗಿ ಹಿಂದೆ ಬಂತು.

"ಇಲ್ಲ," ಎಂದಳು. "ಹೇಳಲ್ಲ."