ದಿನೇ ದಿನೇ ತೆಳುವಾದ ಪಾನೀಯ

“ಇದರಲ್ಲಿ ಏನು ಬೆರೆಸಿದ್ದೀರಿ?”

ಬೆಳಗಿನ ಎಂಟು ಗಂಟೆಗೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಗಾಜಿನ ಬಾಟಲಿಯೊಂದನ್ನು ಚಾಚಿದ ಕ್ಯಾಂಟೀನಿನವನಿಗೆ ಅವಳ ಬಾಯಿಂದ ಸಿಕ್ಕ ಮೊದಲ ಮಾತು ಇದು!

ಅವನು ತಬ್ಬಿಬ್ಬಾದ. “ಬಾಳೆಹಣ್ಣು, ಹಾಲು, ಸಕ್ಕರೆ... ಅಷ್ಟೇ ಮೇಡಂ. ಬೆಳಿಗ್ಗೆ ನಿಮಗೆ ತಿನ್ನೋಕೂ ಪುರುಸೊತ್ತಿರಲ್ವಲ್ಲ...”

“ನಾನೇನೂ ಕೇಳಿರಲಿಲ್ಲವಲ್ಲ?”

“ಇಲ್ಲ. ಸುಮ್ಮನೆ ತಂದೆ.”

ಸುಮ್ಮನೆ! ಆ ಒಂದು ಪದಕ್ಕೆ ಅವಳ ಕಿವಿ ನೆಟ್ಟಗಾಯಿತು.

ಆಹಾರದ ಕಲಬೆರಕೆಯನ್ನು ಪತ್ತೆಹಚ್ಚುವುದೇ ಅವಳ ವೃತ್ತಿ. ಹಾಲೆಂದು ಬಂದದ್ದು ಬರಿಯ ಹಾಲಲ್ಲದ, ಜೇನೆಂದು ಬಂದದ್ದು ಬೆಲ್ಲದ ಪಾಕವಾಗಿರುವ ಲೋಕದಲ್ಲಿ ಆರು ವರ್ಷ ಸವೆಸಿದವಳು. ಹಿಂದೊಮ್ಮೆ ಡೈರಿಯ ಮಾಲೀಕನೊಬ್ಬ ಹೀಗೆಯೇ ಹಲ್ಲುಕಿರಿಯುತ್ತ ಹಣ್ಣಿನ ಬುಟ್ಟಿ ತಂದಿಟ್ಟು, ಮರುದಿನವೇ ತನ್ನ ಬೆಣ್ಣೆಯ ವರದಿಯನ್ನು ತಿದ್ದಿಕೊಡಲು ಕೇಳಿದ್ದ. ಈಗ ಇವನ ಕ್ಯಾಂಟೀನಿನ ಗುತ್ತಿಗೆ ಮುಗಿಯುವ ಸಮಯ. ಅಲ್ಲಿನ ಶುದ್ಧಿಯ ವರದಿ ಬರೆಯಬೇಕಾದವಳು ಅವಳೇ.

‘ಇವನಿಗೂ ಅದೇ ಬೇಕಿರಬೇಕು...’

ಆದರೂ ಬೇಡವೆನ್ನಲು ನಾಲಿಗೆ ಹೊರಳಲಿಲ್ಲ. ಅವನ ಕಣ್ಣುಗಳೇ ಅಂಥವು.

ಒಳಗೆ ಹೋದವಳೇ ಬಾಟಲಿಯ ಕಾಲುಭಾಗವನ್ನು ಪರೀಕ್ಷೆಯ ನಳಿಕೆಗಳಿಗೆ ಸುರಿದಳು. ಉಳಿದ ಮುಕ್ಕಾಲನ್ನು ತುಟಿಗೂ ಸೋಕಿಸದೆ, ಮುಚ್ಚಳ ಬಿಗಿದು, ಮಧ್ಯಾಹ್ನ ಕ್ಯಾಂಟೀನಿಗೆ ಮರಳಿಸಿದಳು.

ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ, ನಿವೃತ್ತಿಗೆ ವರ್ಷವಷ್ಟೇ ಉಳಿದಿದ್ದ ಹಿರಿಯಕ್ಕ ಕಿಸಕ್ಕನೆ ನಕ್ಕರು. “ಏನೇ ಇದು! ನಾಳೆ ಅವನು ಉಂಗುರ ತಂದ್ರೆ ಆಸಿಡ್ಡಿಗೆ ಅದ್ದಿ ನೋಡ್ತೀಯಾ?”

“ಚಿನ್ನವೋ ಹಿತ್ತಾಳೆಯೋ ತಿಳೀಬೇಕಲ್ಲಕ್ಕಾ.”

ಹೀಗೆ ಹನ್ನೆರಡು ದಿನಗಳು ಕಳೆದವು. ಮೂರನೆಯ ದಿನ ಸಕ್ಕರೆ ಅರ್ಧಕ್ಕಿಳಿದಿತ್ತು. ಐದನೆಯ ದಿನ ಹಾಲಿಗೆ ನೀರು ಬಿದ್ದಿತ್ತು. ಎಂಟನೆಯ ದಿನ ಹಾಲೇ ಮಾಯವಾಗಿ ಸೌತೆಕಾಯಿ, ಸೇಬು ಬಂದಿದ್ದವು. ಹನ್ನೆರಡನೆಯ ದಿನ... ನಾಲ್ಕು ಪುದೀನ ಎಲೆ, ನಿಂಬೆರಸ. ಮಿಕ್ಕದ್ದೆಲ್ಲ ನೀರೇ ನೀರು!

‘ಮೊದಲು ಗಟ್ಟಿಯಾಗಿ ಕೊಟ್ಟು ನಂಬಿಸೋದು, ಆಮೇಲೆ ನೀರು ಬೆರೆಸೋದು! ಎಲ್ಲ ಕಲಬೆರಕೆಯವರ ವರಸೆಯೂ ಇದೇ. ಪರೀಕ್ಷೆ ಮಾಡೋ ನನಗೇ ಹೀಗಾದರೆ, ಪಾಪ, ಉಳಿದವರ ಗತಿ?’

ಕೋಪ ಬರಬೇಕಾದ ಕಡೆ ಅವಳಿಗೆ ಅಳು ಬಂದಿತು. ಎಂಟು ಗಂಟೆಯಾಗುತ್ತಲೇ ಕಣ್ಣು ಬಾಗಿಲತ್ತ ಹೊರಳುವ ಚಾಳಿ ತನಗೆ ಎಂದು ಅಂಟಿತೋ ಅವಳೇ ಅರಿಯಳು. ಆ ಕಣ್ಣನ್ನೊರೆಸಿಕೊಂಡೇ ವರದಿಯ ಪತ್ರದಲ್ಲಿ ಹನ್ನೆರಡು ದಿನಗಳ ಪರೀಕ್ಷೆಯ ಫಲವನ್ನು ಪಟ್ಟಿಮಾಡಿ, ಕೊನೆಗೆ ಬರೆದಳು: ‘ಈ ಗುತ್ತಿಗೆಯನ್ನು ಮುಂದುವರಿಸಬಾರದು.’

ಆದರೆ ಪತ್ರದೊಡನೆ ಅವಳ ಕಾಲುಗಳು ಸಾಹೇಬರ ಕೋಣೆಗೆ ಹೋಗಲಿಲ್ಲ. ಬಾಟಲಿಯನ್ನೂ ಎತ್ತಿಕೊಂಡು ನೇರ ಕ್ಯಾಂಟೀನಿಗೆ ನಡೆದವು. ಅವನು ಒಬ್ಬನೇ ಮೇಜುಗಳನ್ನು ಒರೆಸುತ್ತಿದ್ದ.

“ಮೇಲಿನವರಿಗೆ ಕೊಡೋ ಮೊದಲು ನಿಮಗೆ ತೋರಿಸೋಣ ಅನ್ನಿಸ್ತು.”

ಓದುತ್ತ ಓದುತ್ತ ಅವನ ಮುಖ ಬಿಳಿಚಿತು.

“ಪರೀಕ್ಷೆ ಮಾಡ್ತಿದ್ರಾ... ದಿನಾ?”

“ದಿನಾ.”

“ಹಾಗಾದ್ರೆ ಕಾಲು ಬಾಟಲಿ ಖಾಲಿ ಆಗಿರ್ತಿತ್ತಲ್ಲ... ಅದು ನೀವು ಕುಡಿದಿದ್ದಲ್ವಾ?”

“ಅಲ್ಲ.”

ಅವನು ಕುರ್ಚಿಯ ಮೇಲೆ ಕುಸಿದ. ಮರುಕ್ಷಣವೇ ನಕ್ಕ; ಆ ನಗೆಯ ಅಡಿಯಲ್ಲಿ ನೋವಿತ್ತು.

“ಮುಕ್ಕಾಲು ಹಾಗೇ ವಾಪಸ್ ಬಂದಾಗ ಸಿಹಿ ಜಾಸ್ತಿಯಾಯ್ತೇನೋ ಅಂದ್ಕೊಂಡೆ. ಸಕ್ಕರೆ ಇಳಿಸ್ದೆ. ಆಗ್ಲೂ ಮುಕ್ಕಾಲು ಉಳೀತು! ಬೆಳಿಗ್ಗೆ ಬೆಳಿಗ್ಗೆ ಹಾಲು ಹೊಟ್ಟೆಗೆ ಭಾರವೇನೋ ಅಂತ ನೀರು ಹಾಕ್ದೆ. ಹಗುರ ಮಾಡ್ತಾ ಮಾಡ್ತಾ ಬರೀ ನೀರಿಗೇ ಬಂದು ನಿಂತೆ ಮೇಡಂ! ನಾಳೆ ಇನ್ನೇನು ತೆಗೀಲಿ ಅಂತ ಈಗಷ್ಟೇ ಯೋಚಿಸ್ತಿದ್ದೆ.”

ಅವಳು ಅವನೆದುರಿನ ಕುರ್ಚಿ ಎಳೆದು ಕೂತಳು. “ಇದೆಲ್ಲ... ವರದಿಗೋಸ್ಕರ ಅಲ್ವಾ?”

“ವರದಿ ಬರೆಯೋರು ನೀವು ಅಂತ ಈ ಕಾಗದ ನೋಡಿದ ಮೇಲೇ ಗೊತ್ತಾಗಿದ್ದು. ಹೋದ ತಿಂಗಳು ಸ್ಯಾಂಪಲ್ ಡಬ್ಬ ಹೊತ್ಕೊಂಡು ಬಂದು, ಮೆಟ್ಟಿಲ ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ರಿ. ನಾನು ಕಿಟಕಿಯಿಂದ ನೋಡ್ದೆ. ಅವತ್ತಿಂದ ನನಗೆ ಸಮಾಧಾನ ಇಲ್ಲ. ಇದು ಕ್ಯಾಂಟೀನಿಂದಲ್ಲ, ಮನೇಲಿ ನಾನೇ ಮಾಡಿದ್ದು. ಇಲ್ಲಿನ ಅಡುಗೆಮನೆ ತೆರೆದೇ ಇದೆ, ಹೋಗಿ ನೋಡಿ. ತಪ್ಪಿದ್ರೆ ಖಂಡಿತ ಬರೀರಿ.”

ಅವಳು ಪತ್ರವನ್ನು ನಾಲ್ಕು ತುಂಡಾಗಿ ಹರಿದಳು.

“ನಾನು ಬರೆಯಲ್ಲ. ಬೇರೆಯವರನ್ನ ನೇಮಿಸಿ ಅಂತ ಸಾಹೇಬರಿಗೆ ಹೇಳ್ತೀನಿ.”

“ಯಾಕೆ? ನನ್ನ ಮೇಲೆ ಇನ್ನೂ ಅನುಮಾನಾನಾ?”

“ನಿಮ್ಮ ಮೇಲಲ್ಲ...” ಅವಳು ಹರಿದ ಚೂರುಗಳನ್ನು ಮೇಜಿನ ಮೇಲಿಟ್ಟಳು. “ನನ್ನ ಮೇಲೆ. ನಿಮ್ಮ ವಿಷಯ ಬಂದ್ರೆ ನನ್ನ ಮನಸ್ಸು ತಕ್ಕಡಿ ಸರಿಯಾಗಿ ಹಿಡಿಯಲ್ಲ. ನಿಮ್ಮ ಕಡೆಗೇ ವಾಲುತ್ತೆ. ಅಂಥವರು ವರದಿ ಬರೀಬಾರದು.”

ಒರೆಸುವ ಬಟ್ಟೆ ಅವನ ಕೈಯಿಂದ ಜಾರಿತು.

ಅವಳು ಬಾಟಲಿಯ ಮುಚ್ಚಳ ತೆಗೆದು ಗಟಗಟನೆ ಕೊನೆಯ ಹನಿಯವರೆಗೂ ಕುಡಿದಳು.

“ನಾಳೆಯಿಂದ ಎರಡು ಲೋಟ ತನ್ನಿ.”

“ಯಾಕೆ, ನಾನು ಮೊದಲು ಕುಡಿದು ತೋರಿಸ್ಬೇಕಾ?”

“ಅಲ್ಲ...” ಅವಳು ತಲೆ ತಗ್ಗಿಸಿ ನಕ್ಕಳು. “ಜೊತೆಗೆ ಕುಡಿಯೋಕೆ.”