ಅಪ್ಪನಿಗೆ ಕೇಳದ ಸದ್ದು

"ಈಗ ಕಿವಿಗೊಟ್ಟು ಕೇಳು," ಎನ್ನುತ್ತಾ ಅಪ್ಪ ಕಾರನ್ನು ರಸ್ತೆಯ ಗುಂಡಿಗೆ ಇಳಿಸಿದ.

ಟಕ್!

ಪಕ್ಕದ ಸೀಟಿನಲ್ಲಿದ್ದ ಚಿಸೆಂಗಾ ಬೆಚ್ಚಿದಳು. ಬೆಳಿಗ್ಗೆ ಕೇಳಿದ್ದ ಅದೇ ಸದ್ದು.

ಅಪ್ಪನಿಗೆ ಅದು ಕೇಳಿಸಲಿಲ್ಲ. ಕಿಟ್ವೆ ಊರಿನ ತಾಮ್ರದ ಗಣಿಯಲ್ಲಿ ಹದಿನೆಂಟು ವರ್ಷ ಬಂಡೆ ಸಿಡಿಸಿ ಅವನ ಕಿವಿ ಹೋಗಿತ್ತು. ಎದುರು ನಿಂತು ಜೋರಾಗಿ ಮಾತಾಡಿದರೆ ಮಾತ್ರ ಅಷ್ಟಿಷ್ಟು ತಿಳಿಯುತ್ತಿತ್ತು. ಈಗ ಕೇರಿಯ ಆರು ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಡುವುದು ಅವನ ಕೆಲಸ. ಕಾರಿನ ಸದ್ದು ಕೇಳಿ ಹೇಳುವುದು ಚಿಸೆಂಗಾಳ ಕೆಲಸ.

"ಎಡಗಡೆ ಅಪ್ಪಾ!" ಎಂದು ಬೆಳಿಗ್ಗೆ ಕೂಗಿ ಹೇಳಿದ್ದವಳು ಅವಳೇ.

ಆ ಮಾತಿನ ಮೇಲೆ ಅಪ್ಪ ಶನಿವಾರ ಮಧ್ಯಾಹ್ನದವರೆಗೂ ಅಂಗಳದಲ್ಲಿ ಬೆವರು ಸುರಿಸಿದ್ದ. ಜಾಕ್ ಕೊಟ್ಟು, ಕಾರನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ತುಕ್ಕು ಹಿಡಿದ ನಟ್ಟುಗಳ ಜೊತೆ ಗುದ್ದಾಡಿ, ಎಡಗಡೆಯ ಬಾಲ್ ಜಾಯಿಂಟ್ ಬದಲಾಯಿಸಿದ್ದ. ಗೆಣ್ಣುಗಳ ಚರ್ಮ ಕಿತ್ತುಬಂದಿತ್ತು.

"ಚಕ್ರ ಹಿಡ್ಕೊಂಡಿರೋದೇ ಇದು. ಕಳಚ್ಕೊಂಡ್ರೆ ಚಕ್ರ ಮಡಚಿ ಬೀಳತ್ತೆ," ಎಂದಿದ್ದ.

ಪಕ್ಕದ ಮನೆಯ ಕಪೆಂಬ್ವಾ ಬೇಲಿಯಾಚೆಯಿಂದ, "ಏನ್ ಚಿಸೆಂಗಾಳಪ್ಪ, ಕಾರನ್ನ ನೀನು ಸಾಕ್ತಿದೀಯೋ, ಕಾರು ನಿನ್ನ ಸಾಕ್ತಿದೆಯೋ?" ಎಂದು ನಕ್ಕಿದ್ದ.

"ಸದ್ದು ಹೋಯ್ತಾ?" ಈಗ ಕಾರು ನಿಲ್ಲಿಸಿ ಅಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ.

"ಹ್ಞೂಂ... ಹೋಯ್ತು."

ಸುಲಿದ ಆ ಗೆಣ್ಣುಗಳು ಕಣ್ಣಿಗೆ ಬಿದ್ದು, ಸುಳ್ಳು ಬಾಯಿಂದ ಜಾರಿಬಿಟ್ಟಿತು. ಅಪ್ಪನ ಮುಖ ಅರಳಿತು. "ಹಾಗಾದ್ರೆ ಸೋಮವಾರ ಮಕ್ಕಳನ್ನ ಕೂರಿಸ್ಕೊಂಡು ಹೋಗಬಹುದು ಬಿಡು."

ಮನೆಯಲ್ಲಿ ಅಮ್ಮ ಬಡಿಸಿದ ಬಿಸಿ ನ್ಶಿಮಾ ಮುದ್ದೆಯನ್ನು ಅವಳು ಮುರಿದು ಮುರಿದು ಹಾಗೇ ಬಿಟ್ಟಳು. ಶಾಲೆಗೆ ಹೋಗುವಾಗ ಆ ಆರು ಮಕ್ಕಳಲ್ಲೊಬ್ಬನಾದ ಪುಟ್ಟ ಬುಪೆ ದಿನವೂ ಕಾರಿನಲ್ಲಿ ಅವಳ ಹೆಗಲಿಗೆ ಒರಗಿ ತೂಕಡಿಸುತ್ತಿದ್ದ. ಚಿಸೆಂಗಾ ತಟ್ಟೆ ಬಿಟ್ಟು ಎದ್ದಳು.

ಅಪ್ಪ ಅಂಗಳದಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ. ಅವಳು ಎದುರಿಗೇ ನಿಂತು ಜೋರಾಗಿ ಹೇಳಿದಳು: "ಅಪ್ಪಾ, ಸದ್ದು ಹೋಗಿಲ್ಲ. ನಾನು ಸುಳ್ಳು ಹೇಳ್ದೆ. ಎಡಗಡೆ ಸೀಟಲ್ಲಿ ಕೂತಿದ್ನಲ್ಲ, ಅದಕ್ಕೇ ಎಡಗಡೆ ಅನ್ನಿಸ್ತು. ಅದು ಬಲಗಡೆ ಇರಬೇಕು."

ಅಪ್ಪ ಸ್ಪ್ಯಾನರ್ ಕೆಳಗಿಟ್ಟ. ಆಮೇಲೆ ಬೆಳಿಗ್ಗೆ ಬಿಚ್ಚಿದ್ದ ಜಾಯಿಂಟನ್ನು ಎತ್ತಿಕೊಂಡು ಅಲುಗಾಡಿಸಿದ. ಅದು ಮಿಸುಕಲಿಲ್ಲ.

"ಇದು ಗಟ್ಟಿಯಾಗೇ ಇದೆ. ತೆಗೆದಾಗಲೇ ಅನುಮಾನ ಬಂತು."

"ಮತ್ತೆ ಯಾಕೆ ಬದಲಾಯಿಸಿದ್ರಿ?"

"ನೀನು ಎಡಗಡೆ ಅಂದ್ಯಲ್ಲ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಕಣ್ಣು ತುಂಬಿ ಬಂತು.

"ಎರಡೂ ಕಡೆಗೂ ಇದೇ ಆಗತ್ತೆ. ಇದನ್ನೇ ಬಲಗಡೆಗೆ ಹಾಕೋಣ. ಜಾಕ್ ತಾ ಮಗಳೇ."

ಕೆಲಸ ಮುಗಿದಾಗ ಹೊತ್ತು ಮುಳುಗುತ್ತಿತ್ತು. ಈ ಸಲ ಚಿಸೆಂಗಾ ಕಾರು ಹತ್ತಲಿಲ್ಲ. ಬಲಗಡೆ, ಸ್ವಲ್ಪ ದೂರದಲ್ಲಿ, ಚಕ್ರದ ಕಡೆಗೆ ಬಗ್ಗಿ ಜೊತೆಜೊತೆಗೇ ನಡೆದಳು. ಕಾರು ಮೆಲ್ಲಗೆ ಗುಂಡಿಗೆ ಇಳಿದು ಹತ್ತಿತು. ಸದ್ದಿಲ್ಲ.

ಅಪ್ಪ ಕಾರು ನಿಲ್ಲಿಸಿ ಕಿಟಕಿಯಿಂದ ಅವಳ ತುಟಿಗಳನ್ನು ನೋಡಿದ.



"ಇನ್ನೊಂದು ಸಲ, ಅಪ್ಪಾ. ಆ ಕಡೆಯಿಂದಲೂ ಕೇಳ್ತೀನಿ," ಎಂದು ಕಾರಿನ ಎಡಗಡೆಗೆ ಹೋಗಿ ನಿಂತಳು.